ಎತ್ತರದ ತಕರಾರು: ವೇಣೂರಿನ ಗೊಮ್ಮಟನಿಂದ ಪೇಟೆಯ ಬಹು ಅಂತಸ್ತಿನ ಮನೆಯವರೆಗೆ

ಪೇಟೆಯ ನಡುವೆ ಬಹು ಅಂತಸ್ತುಗಳ ವಸತಿಗೃಹವೊಂದು ಏಳಲಿರುವುದೆಂಬ ವಾರ್ತೆ ಹಬ್ಬಿತೆಂದರೆ, ಅಸ್ತಿಭಾರದ ಕುಳಿಯನ್ನು ತೋಡುವುದಕ್ಕೆ ಮೊದಲೇ ಊರು ಎರಡು ಪಕ್ಷವಾಗುವುದು. ಊರು ಬೆಳೆಯಬೇಕು, ನೆಲದ ಬೆಲೆ ಇಷ್ಟು ಏರಿರುವ ಕಾಲದಲ್ಲಿ ಮನೆಗಳು ಮೇಲಕ್ಕೆ ಬೆಳೆಯದೆ ಗತ್ಯಂತರವಿಲ್ಲ ಎಂದು ಒಂದು ಪಕ್ಷದವರು ವಾದಿಸುವರು. ಬಾವಿಯ ನೀರು ಬತ್ತುವುದು, ಓಣಿಯಲ್ಲಿ ವಾಹನಗಳು ಕಿಕ್ಕಿರಿಯುವುವು, ಅಂಗಳದ ಬಿಸಿಲು ಹೋಗುವುದು, ದೇವರ ಕಲಶಕ್ಕಿಂತ ಮೇಲೆ ಮನುಷ್ಯರು ಮಲಗುವಂತಾಗುವುದು ಎಂದು ಇನ್ನೊಂದು ಪಕ್ಷದವರು ಹೇಳುವರು. ಮಂಗಳೂರಿನಲ್ಲಿ ಮೂವತ್ತಕ್ಕೆ ಮಿಕ್ಕಿದ ಅಂತಸ್ತುಗಳ ಮನೆಗಳು ಎದ್ದು ನಿಂತ ಮೇಲೆ ಈ ವಾದವು ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಜಗಲಿಗಳಿಗೂ ಬಂದು ಕುಳಿತಿದೆ.

ಇದನ್ನು ಈ ಕಾಲದಲ್ಲಿ ಮಾತ್ರ ಹುಟ್ಟಿದ ಜಗಳವೆಂದು ಎಣಿಸುವವರೇ ಬಹಳ. ಆದರೆ ಇದೇ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ, ನಾಲ್ಕು ಶತಮಾನಗಳಿಗೂ ಹಿಂದೆ, ಎತ್ತರವಾದುದೊಂದನ್ನು ನಿಲ್ಲಿಸಹೊರಟಾಗ ನೆರೆಯ ಅರಸನು ತಕರಾರೆತ್ತಿದನೆಂದೂ, ಆ ತಕರಾರು ಯುದ್ಧದಲ್ಲಿ ಕೊನೆಗೊಂಡಿತೆಂದೂ ಜನರ ಬಾಯಿಯಲ್ಲಿ ಕಥೆಯುಂಟು. ಅದು ವಾಸದ ಮನೆಯಲ್ಲ, ದೇವರ ಪ್ರತಿಮೆ. ಆದರೂ ಎತ್ತರಕ್ಕೆ ಜನರು ಏಕೆ ಅಡ್ಡಿಮಾಡುವರು, ಆ ಅಡ್ಡಿಯಲ್ಲಿ ಯಾವುದು ನ್ಯಾಯ, ಯಾವುದು ಅಭಿಮಾನದ ಬೇನೆ ಎಂಬುದನ್ನು ವಿಚಾರಿಸುವುದಕ್ಕೆ ನಮ್ಮ ಸೀಮೆಯಲ್ಲಿ ಅದಕ್ಕಿಂತ ಒಳ್ಳೆಯ ದೃಷ್ಟಾಂತವು ದೊರೆಯದು. ಆದುದರಿಂದ ಆ ಪ್ರಸಂಗವನ್ನು ಮೊದಲು ನೋಡಿ, ಅಲ್ಲಿಂದ ಮನೆಗಳ ಎತ್ತರಕ್ಕೆ ಬರೋಣ.

ತುಳುನಾಡಿನ ಹಳೆಯ ಮನೆಗಳು ತಗ್ಗಾದುವು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರುಗಳ ಆಸುಪಾಸಿನಲ್ಲಿ ಮಳೆ ಸುರಿಯುವ ನಾಡಿನಲ್ಲಿ, ಮಣ್ಣಿನ ಗೋಡೆಗೆ ಮುಳಿಹುಲ್ಲಿನ ಮಾಡನ್ನು ಕೆಳಗೆ ಇಳಿಸಿ ಕಟ್ಟದಿದ್ದರೆ ಗೋಡೆಯು ಉಳಿಯದು. ಮುರಕಲ್ಲನ್ನು ಕಡಿದು ಕಟ್ಟಬಲ್ಲ ಸಿರಿವಂತರ ಗುತ್ತಿನ ಮನೆಗಳಲ್ಲಿಯೂ ಉಪ್ಪರಿಗೆಯೆಂಬುದು ಒಂದೇ. ಇದಲ್ಲದೆ ಎತ್ತರವು ಅಂತಸ್ತಿನ ಗುರುತೂ ಆಗಿದ್ದಿತು. ನಮ್ಮ ತೆಂಕಣ ನೆರೆಯಾದ ಮಲಬಾರಿನಲ್ಲಿ ಮನೆಗೆ ಓಡು ಹೊದಿಸುವುದಕ್ಕೂ ಅರಸನ ಅಪ್ಪಣೆ ಬೇಕಾಗಿದ್ದಿತೆಂಬುದು ಅಲ್ಲಿಗೆ ಬಂದ ಪರದೇಶೀಯರ ಬರಹಗಳಿಂದ ತಿಳಿದುಬರುತ್ತದೆ. ಯಾರು ಎಷ್ಟು ಎತ್ತರಕ್ಕೆ ಕಟ್ಟಬಹುದೆಂಬ ಪ್ರಶ್ನೆಯು ಹೀಗೆ ಕಟ್ಟುಗಾರನ ಕೈಯಲ್ಲಿ ಮಾತ್ರ ಇರಲಿಲ್ಲ; ಅದು ರಾಜ್ಯದ ಪ್ರಶ್ನೆಯೂ ಆಗಿದ್ದಿತು.

ದೇವರ ಮನೆಗೆ ಮಾತ್ರ ಈ ತಗ್ಗು ಇರಲಿಲ್ಲ. ಮೂಡಬಿದಿರೆಯ ತ್ರಿಭುವನ ತಿಲಕ ಚೂಡಾಮಣಿ ಬಸದಿಯು, ಜನರು ಸಾವಿರ ಕಂಬದ ಬಸದಿಯೆಂದು ಕರೆಯುವುದು, ವಿಜಯನಗರದ ಇಮ್ಮಡಿ ದೇವರಾಯನ ಆಳಿಕೆಯಲ್ಲಿ ಕ್ರಿ. ಶ. ೧೪೩೦ರಲ್ಲಿ ನಿರ್ಮಿತವಾಯಿತು. ಮೂರು ನೆಲೆಗಳಾಗಿ ಒಂದರ ಮೇಲೊಂದು ಏರಿ, ಇಳಿಜಾರಾದ ಮಾಡುಗಳನ್ನು ಹೊತ್ತು ನಿಂತಿರುವ ಈ ಬಸದಿಯನ್ನು ಕಂಡವರಿಗೆ ನೇಪಾಳದ ಗುಡಿಗಳು ನೆನಪಿಗೆ ಬರುವುವು. ಈ ಸಾಮ್ಯವನ್ನು ಜೇಮ್ಸ್ ಫರ್ಗುಸನ್ ಎಂಬ ಶಿಲ್ಪಚರಿತ್ರಕಾರನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಎತ್ತಿ ಹೇಳಿರುವನು. ಇಲ್ಲಿ ಗಮನಿಸಬೇಕಾದುದು ಎರಡು. ಒಂದು, ಇದನ್ನು ಕಟ್ಟಿಸಿದುದರಲ್ಲಿ ಬಿದಿರೆಯ ಸೆಟ್ಟಿಗಳ ಕೈ ಬಹಳವಾಗಿದ್ದಿತು. ಇದನ್ನು ಒಬ್ಬನ ಎತ್ತರವೆನ್ನಲು ಬಾರದು. ಎರಡು, ಇಷ್ಟು ಎತ್ತರವನ್ನು ಎಬ್ಬಿಸಬಲ್ಲ ಸಂಪತ್ತುಳ್ಳ ಅದೇ ಊರಿನಲ್ಲಿ ಚೌಟ ಅರಸರ ಅರಮನೆಯೂ ಕೂಡ ಕೆತ್ತನೆಯ ಮರದ ಕಂಬಗಳಿಗೆ ಪ್ರಸಿದ್ಧವಾಯಿತಲ್ಲದೆ ಎತ್ತರಕ್ಕಲ್ಲ. ನವನಾರೀಕುಂಜರವನ್ನು ಮರದಲ್ಲಿ ಕಂಡರಿಸಿದ ಆ ಕಂಬಗಳನ್ನು ಇಂದಿಗೂ ನೋಡಬಹುದು.

ಮೂಡಬಿದಿರೆಯ ಬಸದಿಯಾದ ಎರಡೇ ವರ್ಷಕ್ಕೆ, ೧೪೩೨ರ ಫೆಬ್ರವರಿಯಲ್ಲಿ, ಕಾರ್ಕಳದ ಬಂಡೆಯ ಮೇಲೆ ವೀರಪಾಂಡ್ಯನು ಸುಮಾರು ೪೨ ಅಡಿ ಎತ್ತರದ ಬಾಹುಬಲಿಯ ಪ್ರತಿಮೆಯನ್ನು ನಿಲ್ಲಿಸಿದನು. ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಗೆ ಮಾಡಿಸಿದ ಮಹಾಮೂರ್ತಿಯನ್ನು ಬಿಟ್ಟರೆ ಕನ್ನಡನಾಡಿನಲ್ಲಿ ಅದಕ್ಕೆ ಸಮನಾದುದು ಆಗ ಇರಲಿಲ್ಲ. ಮುಂದೆ ೧೫೮೬ರಲ್ಲಿ ಇಮ್ಮಡಿ ಭೈರರಸನು ಆ ಪ್ರತಿಮೆಗೆ ಎದುರಾಗಿ ಚತುರ್ಮುಖ ಬಸದಿಯನ್ನು ಕಟ್ಟಿಸಿದನು. ಭೈರರಸರ ಕೀರ್ತಿಯೂ ಕಾರ್ಕಳದ ಯಾತ್ರೆಯೂ ಈ ಎರಡರ ಮೇಲೆ ನಿಂತಿದ್ದುವೆಂದರೆ ಅತಿಶಯವಾಗದು.

ಹೀಗಿರುವಲ್ಲಿ ಫಲ್ಗುಣೀ ನದಿಯ ದಡದ ವೇಣೂರಿನಲ್ಲಿ ಆಳುತ್ತಿದ್ದ ಅಜಿಲ ವಂಶದ ತಿಮ್ಮರಾಜನು ತಾನೂ ಒಂದು ಗೊಮ್ಮಟನನ್ನು ನಿಲ್ಲಿಸಬೇಕೆಂದು ಸಂಕಲ್ಪಿಸಿದನು. ಪ್ರತಿಮೆಯು ೩೫ ಅಡಿಯದು, ಕಾರ್ಕಳದ್ದಕ್ಕಿಂತ ಕಿರಿದು. ಕೆಲಸ ನಡೆದಿರುವ ಸುದ್ದಿಯು ಕಾರ್ಕಳಕ್ಕೆ ಮುಟ್ಟಿದಾಗ ಅಲ್ಲಿಯ ಭೈರರಸನು ಸಹಿಸಲಾರದೆ ಹೋದನೆಂದು ಕಥೆಯು ಹೇಳುವುದು. ನೆರೆಯಲ್ಲಿ ಇನ್ನೊಬ್ಬ ಗೊಮ್ಮಟನು ಎದ್ದರೆ ಕಾರ್ಕಳದ ಮಹಿಮೆಗೆ ಕುಂದು ಬರುವುದೆಂದು ಬಗೆದು, ಪ್ರತಿಮೆಯನ್ನು ವೇಣೂರಿನಲ್ಲಿ ನಿಲ್ಲಿಸಕೂಡದು, ಅದನ್ನು ಕಾರ್ಕಳಕ್ಕೆ ಕಳುಹಿಸಿಕೊಡಬೇಕು ಎಂದು ಆತನು ಹೇಳಿಕಳುಹಿಸಿದನಂತೆ. ಅಜಿಲನು ಒಪ್ಪಲಿಲ್ಲ. ಭೈರರಸನು ದಂಡೆತ್ತಿ ಬಂದನು. ಶತ್ರುವಿನ ಕೈಗೆ ಸಿಕ್ಕಬಾರದೆಂದು ಅಜಿಲನು ಪ್ರತಿಮೆಯನ್ನು ಫಲ್ಗುಣಿಯ ಮರಳಿನಲ್ಲಿ ಹೂಳಿಸಿ, ಕಾಳಗದಲ್ಲಿ ಗೆದ್ದ ಮೇಲೆ ಮರಳಿ ತೆಗೆಸಿ ನಿಲ್ಲಿಸಿದನೆಂದು ಜನರು ಇಂದಿಗೂ ಹೇಳುವರು.

ಶಾಸನವು ಈ ಕಲಹದ ಮಾತನ್ನೇ ಆಡುವುದಿಲ್ಲ. ಶಕವರ್ಷ ೧೫೨೫, ಶೋಭಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದಶಮಿ, ಗುರುವಾರ, ಪುಷ್ಯ ನಕ್ಷತ್ರ ಎಂದು ದಿನವನ್ನು ಹೇಳಿ, ಚಾಮುಂಡರಾಯನ ವಂಶದವನಾದ ತಿಮ್ಮರಾಜನು ಬೆಳಗೊಳದ ಚಾರುಕೀರ್ತಿಗಳ ಉಪದೇಶದಂತೆ ಪ್ರತಿಷ್ಠೆ ಮಾಡಿಸಿದನೆಂದು ಮಾತ್ರ ತಿಳಿಸುವುದು. ಆತನು ಪಾಂಡ್ಯಕದೇವಿಯ ಮಗನೆಂದೂ ರಾಯಕುವರನ ಅಳಿಯನೆಂದೂ ಅದರಲ್ಲಿ ಹೇಳಿರುವುದು ಅಳಿಯಸಂತಾನದ ನಾಡಿಗೆ ತಕ್ಕುದೇ. ಈ ತಿಥಿಯು ಕ್ರಿ. ಶ. ೧೬೦೪ರ ಮಾರ್ಚ್ ತಿಂಗಳಿಗೆ ಸರಿಹೊಂದುವುದು.

ಕಥೆಯನ್ನು ಅಕ್ಷರಶಃ ನಂಬಬೇಕೆಂದು ನಾವು ಹೇಳುವುದಿಲ್ಲ. ಆದರೆ ಕಥೆಯ ಒಡಲಿನಲ್ಲಿರುವ ತಕರಾರು ಎಂಥದೆಂಬುದನ್ನು ವಿವೇಚಿಸಬೇಕು. ಕಾರ್ಕಳದಿಂದ ವೇಣೂರು ನೇರ ಗೆರೆಯಲ್ಲಿ ಸುಮಾರು ೨೫ ಕಿಲೋಮೀಟರು ದೂರವಿದೆ; ನಡುವೆ ಗುಡ್ಡಗಳೂ ಕಾಡೂ ಉಂಟು. ವೇಣೂರಿನ ಗೊಮ್ಮಟನ ನೆರಳು ಕಾರ್ಕಳದ ಒಂದು ಅಂಗಳದ ಮೇಲೂ ಬೀಳುವಂತಿರಲಿಲ್ಲ. ಅಲ್ಲಿಯ ಒಂದು ಬಾವಿಯೂ ಇದರಿಂದ ಬತ್ತುವಂತಿರಲಿಲ್ಲ. ಬಂದ ಹಾನಿಯೆಲ್ಲವೂ ಕೀರ್ತಿಗೆ. ಎತ್ತರದಲ್ಲಿ ಕಿರಿದಾದ ಪ್ರತಿಮೆಗೂ ಹಿರಿದಾದುದರ ಒಡೆಯನು ಅಂಜಿದನೆಂಬುದೇ ಈ ಕಥೆಯ ಸ್ವಾರಸ್ಯ.

ಹಾಗೆಂದು ಭೈರರಸನನ್ನು ಬರಿಯ ಹೊಟ್ಟೆಕಿಚ್ಚಿನವನೆಂದು ತಳ್ಳಿಬಿಡುವುದೂ ನ್ಯಾಯವಲ್ಲ. ೧೫೬೫ರಲ್ಲಿ ವಿಜಯನಗರವು ಮುರಿದುಬಿದ್ದ ಮೇಲೆ ತುಳುನಾಡಿನ ಸಣ್ಣ ಅರಸರ ಮೇಲೆ ಒಂದು ಗಟ್ಟಿಯಾದ ಕೈ ಇರಲಿಲ್ಲ. ಕಾರ್ಕಳದ ಭೈರರಸರು, ಮೂಡಬಿದಿರೆಯ ಚೌಟರು, ವೇಣೂರಿನ ಅಜಿಲರು, ಬಂಟವಾಳದ ಕಡೆಯ ನಂದಾವರದಲ್ಲಿ ಬಂಗರು, ಹೀಗೆ ಒಬ್ಬೊಬ್ಬರೂ ತಮ್ಮ ಮರ್ಯಾದೆಯನ್ನು ತಾವೇ ಕಾಯ್ದುಕೊಳ್ಳಬೇಕಾಗಿದ್ದಿತು. ಇಂಥ ಹೊತ್ತಿನಲ್ಲಿ ಅಜಿಲನು ಪ್ರತಿಮೆಯನ್ನು ನಿಲ್ಲಿಸಿದುದು ಮಾತ್ರವಲ್ಲ, ತಾನು ಚಾಮುಂಡರಾಯನ ಕುಲದವನೆಂದೂ ಕಲ್ಲಿನಲ್ಲಿ ಬರೆಯಿಸಿದನು. ಬೆಳಗೊಳದ ಮೊದಲನೆಯ ಗೊಮ್ಮಟನನ್ನು ಮಾಡಿಸಿದವನ ವಂಶವೆಂದರೆ ಕಾರ್ಕಳಕ್ಕಿಂತ ಹಿರಿಯ ಹಕ್ಕನ್ನು ಸಾರಿದಂತೆಯೇ ಸರಿ. ಯಾತ್ರಿಕರು ಯಾವ ಊರಿನ ಕಡೆಗೆ ತಿರುಗುವರೋ ಅಲ್ಲಿಗೆ ವ್ಯಾಪಾರವೂ ತಿರುಗುವುದು. ಎತ್ತರವು ಬರಿಯ ಅಳತೆಯಲ್ಲವೆಂಬುದನ್ನು ಆ ಕಾಲದವರು ಚೆನ್ನಾಗಿ ಬಲ್ಲವರಾಗಿದ್ದರು.

ಆ ಜಗಳದಿಂದ ಉಳಿದುದೇನು? ಕೆಳದಿಯ ವೆಂಕಟಪ್ಪ ನಾಯಕನು ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಘಟ್ಟವಿಳಿದು ಬಂದು ತುಳುನಾಡಿನ ಅರಸುಮನೆಗಳನ್ನು ಒಂದೊಂದಾಗಿ ತನ್ನ ಮೇಲಾಳಿಕೆಗೆ ಒಳಪಡಿಸಿದನು. ಯಾರ ಎತ್ತರ ಹೆಚ್ಚೆಂದು ಕಾದಾಡಿದವರಿಬ್ಬರ ಗದ್ದುಗೆಗಳೂ ತಗ್ಗಿದುವು. ಪ್ರತಿಮೆಗಳೆರಡೂ ನಿಂತೇ ಇವೆ. ಒಂದರಿಂದ ಇನ್ನೊಂದಕ್ಕೆ ಕುಂದು ಬಂದುದನ್ನು ಯಾರೂ ಕಂಡಿಲ್ಲ. ಕಾರ್ಕಳವನ್ನು ನೋಡಿದ ಯಾತ್ರಿಕನು ಮೂಡಬಿದಿರೆಗೆ ಬಂದು ವೇಣೂರಿಗೂ ಹೋಗುವನು. ೨೦೨೪ನೆಯ ಫೆಬ್ರವರಿಯ ಕೊನೆಯಲ್ಲಿ ವೇಣೂರಿನ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕವು ನಡೆದಾಗ ನಡೆಯುತ್ತಿದ್ದುದು ಶೋಭಕೃತ್ ಸಂವತ್ಸರವೇ. ಪ್ರತಿಷ್ಠೆಯಾದಂದಿನಿಂದ ಅರುವತ್ತು ಸಂವತ್ಸರಗಳ ಚಕ್ರವು ಸರಿಯಾಗಿ ಏಳು ಸಲ ತಿರುಗಿ, ೪೨೦ ವರ್ಷಗಳು ತುಂಬಿದ್ದುವು.

ಇನ್ನೂ ಒಂದು ವಿಚಿತ್ರವುಂಟು. ಧರ್ಮಸ್ಥಳದ ರತ್ನಗಿರಿಯ ಮೇಲೆ ಈಗ ನಿಂತಿರುವ ೩೯ ಅಡಿಯ ಬಾಹುಬಲಿಯನ್ನು ಕಡೆದುದು ಕಾರ್ಕಳದಲ್ಲಿ. ಕಡೆದವರು ರೆಂಜಾಳ ಗೋಪಾಲ ಶೆಣೈಯವರು. ೧೯೭೩ರಲ್ಲಿ ಆ ಪ್ರತಿಮೆಯನ್ನು ಕಾರ್ಕಳದಿಂದ ಧರ್ಮಸ್ಥಳಕ್ಕೆ ಸಾಗಿಸಿದರು, ೧೯೮೨ರಲ್ಲಿ ಪ್ರತಿಷ್ಠೆಯಾಯಿತು. ಬೆಳ್ತಂಗಡಿ ಸೀಮೆಯ ಗೊಮ್ಮಟನನ್ನು ಕಾರ್ಕಳಕ್ಕೆ ಕಳುಹಿಸೆಂದು ಒಂದು ಕಾಲದಲ್ಲಿ ದಂಡು ಬಂದಿದ್ದಿತಂತೆ. ಇನ್ನೊಂದು ಕಾಲದಲ್ಲಿ ಕಾರ್ಕಳದ ಕಲ್ಲೇ ಗೊಮ್ಮಟನಾಗಿ ಬೆಳ್ತಂಗಡಿ ಸೀಮೆಗೆ ಬಂದಿತು. ಕೀರ್ತಿಯ ತಕರಾರುಗಳಿಗೆ ಆಯುಸ್ಸು ಇಷ್ಟೇ.

ಆದರೆ ಎತ್ತರದ ಮೇಲಣ ತಕರಾರುಗಳೆಲ್ಲವೂ ಈ ಜಾತಿಯವಲ್ಲ. ಇದನ್ನು ತಿಳಿಯಬೇಕಾದರೆ ದೇವರ ಎತ್ತರವನ್ನು ಬಿಟ್ಟು ಮನುಷ್ಯರ ಮನೆಗಳ ಕಡೆಗೆ ಬರಬೇಕು. ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಎಂಬವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಜಿಲ್ಲೆಯ ಮನೆಗಳ ರೂಪವೇ ಬದಲಾಯಿತು. ಹಗುರವಾದ, ಬೆಂಕಿ ಹತ್ತದ, ವರ್ಷವರ್ಷವೂ ಹೊದಿಸಬೇಕಾಗದ ಮಾಡು ದೊರೆತುದರಿಂದ ಸಾಮಾನ್ಯ ವ್ಯಾಪಾರಿಯೂ ಮುರಕಲ್ಲಿನ ಗೋಡೆಯ ಮೇಲೆ ಉಪ್ಪರಿಗೆಯನ್ನು ಎಬ್ಬಿಸಬಲ್ಲವನಾದನು. ಒಂದು ಕಾಲಕ್ಕೆ ಅರಸನ ಅಪ್ಪಣೆಯಿಂದ ದೊರೆಯುತ್ತಿದ್ದ ಎತ್ತರವು ಈಗ ಹಣದಿಂದ ದೊರೆಯತೊಡಗಿತು. ಘಟ್ಟದ ಸರಕು ದೋಣಿಯೇರುತ್ತಿದ್ದ ಬಂಟವಾಳದ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ವಾಸ ಎಂಬ ಕ್ರಮದ ಮನೆಗಳು ಬೀದಿಗೆ ತಾಗಿ ಸಾಲಾಗಿ ನಿಂತುವು.

ಆ ಪೇಟೆಗೆ ಎತ್ತರವು ಮೆರೆತದ ವಿಷಯವಾಗಿರಲಿಲ್ಲ, ಜೀವದ ವಿಷಯವಾಗಿತ್ತು. ೧೯೨೩ರಲ್ಲಿ ನೇತ್ರಾವತಿಯು ಉಕ್ಕಿ ಬಂದುದನ್ನು ತುಳುವಿನಲ್ಲಿ ಮಾರಿಬೊಳ್ಳವೆಂದು ಕರೆಯುವರು; ೧೯೭೪ರಲ್ಲಿ ಮತ್ತೊಮ್ಮೆ ಅಂಥದೇ ನೆರೆಯು ಬಂದಿತು. ಉಪ್ಪಿನಂಗಡಿಯಿಂದ ಪಾಣೆಮಂಗಳೂರು, ಬಂಟವಾಳಗಳವರೆಗೆ ಹೊಳೆಯ ದಡದ ಪೇಟೆಗಳಿಗೆ ನೀರು ನುಗ್ಗಿ, ಮಣ್ಣಿನ ಗೋಡೆಗಳು ಕರಗಿ ಬಿದ್ದುವು. ಇಂಥ ಊರಿನಲ್ಲಿ ನೆರೆಯವನು ಮನೆಯನ್ನು ಎತ್ತರಿಸಿದರೆ ಬೇಡವೆನ್ನುವವರಾರು? ಆದರೆ ಅವನು ನೆಲವನ್ನೇ ಮಣ್ಣು ತುಂಬಿಸಿ ಎತ್ತರಿಸಿ, ಮಳೆನೀರು ಹರಿದುಹೋಗುವ ತೋಡನ್ನು ಮುಚ್ಚಿದರೆ, ಅವನ ಅಂಗಳ ಒಣಗಿದಷ್ಟೂ ಪಕ್ಕದವನ ಅಂಗಳ ತುಂಬುವುದು. ಇಲ್ಲಿ ಹುಟ್ಟುವ ತಕರಾರಿನಲ್ಲಿ ಕೀರ್ತಿಯ ಮಾತಿಲ್ಲ. ಭೈರರಸನ ತಕರಾರಿಗೂ ಇದಕ್ಕೂ ಇರುವ ಅಂತರವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಉಪ್ಪರಿಗೆಯು ಬಹು ಅಂತಸ್ತಾದಾಗ ಈ ಎರಡನೆಯ ಬಗೆಯ ತಕರಾರು ಬಲಿಯುವುದು ಸಹಜ. ಒಂದು ಮನೆಯ ನೆಲದಲ್ಲಿ ಐವತ್ತು ಮನೆಗಳು ಎದ್ದರೆ ಐವತ್ತು ಮನೆಗಳ ನೀರು ಒಂದು ನೆಲದಿಂದ ಏಳಬೇಕು, ಐವತ್ತು ಮನೆಗಳ ಕೊಳಚೆಯು ಒಂದು ಓಣಿಯಿಂದ ಹೊರಡಬೇಕು; ಬೆಂಕಿ ಬಿದ್ದರೆ ಅಗ್ನಿಶಾಮಕದ ಬಂಡಿಯು ಆ ಓಣಿಯಲ್ಲಿ ತಿರುಗಬೇಕು, ಅದರ ಏಣಿ ಮೇಲಿನ ನೆಲೆಗೆ ಮುಟ್ಟಬೇಕು. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂದು ಮೂಡಬಿದಿರೆಯವರು ತಮ್ಮ ಊರನ್ನು ಎಣಿಸಿ ಹೇಳುವರು. ಹಿರಿಯರು ಗುಡಿಗಳ ಜೊತೆಗೆ ಕೆರೆಗಳನ್ನೂ ಲೆಕ್ಕದಲ್ಲಿ ಹಿಡಿದುದು ಸುಮ್ಮನಲ್ಲ; ಮೇಲೆ ಎದ್ದುದಕ್ಕೆ ಸರಿಯಾಗಿ ಕೆಳಗೆ ನೀರು ನಿಲ್ಲಬೇಕೆಂಬುದು ಅವರ ಊರುಕಟ್ಟಿನ ಗಣಿತವಾಗಿದ್ದಿರಬೇಕು.

ನೆರೆಹೊರೆಯವರ ಇಂಥ ತಕರಾರನ್ನು ಕತ್ತಿಯಿಂದಲ್ಲದೆ ಕಾಯಿದೆಯಿಂದ ತೀರಿಸಿದ ಒಂದು ದೊಡ್ಡ ಪ್ರಸಂಗವು ಬೆಂಗಳೂರಿನದು. ಅಲ್ಲಿಯ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಬಹು ಅಂತಸ್ತಿನ ವಸತಿಗೃಹವು ಏಳತೊಡಗಿದಾಗ ನಿವಾಸಿಗಳು ಉಚ್ಚ ನ್ಯಾಯಾಲಯಕ್ಕೆ ಹೋದರು. ನಗರದ ಯೋಜನೆಯೂ ಎತ್ತರವನ್ನು ಕಟ್ಟುಮಾಡುವ ನಿಯಮಗಳೂ ಇಂಥ ಕಟ್ಟಡಕ್ಕೆ ಎಡೆಗೊಡುವುದಿಲ್ಲವೆಂಬುದು ಅವರ ವಾದ. ಆ ನಿಯಮಗಳು ಕ್ರಮವಾಗಿ ಪ್ರಕಟವಾಗಿಲ್ಲ, ಆದುದರಿಂದ ತಮ್ಮನ್ನು ಕಟ್ಟಿಹಾಕಲಾರವು ಎಂಬುದು ಕಟ್ಟುವವರ ವಾದ. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಏರಿ, ೧೯೮೭ರ ಜನವರಿಯಲ್ಲಿ ತೀರ್ಪಾಯಿತು. ಜನರನ್ನು ಕಟ್ಟುವ ನಿಯಮವು ಜನರಿಗೆ ತಿಳಿಯುವಂತೆ ಪ್ರಕಟವಾಗಲೇಬೇಕು ಎಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ಸಾರಿದರು. ಆದರೆ ಈ ಸಂದರ್ಭದಲ್ಲಿ ಪ್ರಕಟನೆಯು ಸಾಲುವಷ್ಟು ನಡೆದಿರುವುದೆಂದು ಕಂಡು, ಕಟ್ಟುವವರ ವಾದವನ್ನು ತಳ್ಳಿಹಾಕಿದರು. ಪ್ರಕಟಪಡಿಸದ ನಿಯಮಕ್ಕೆ ಬಲವಿಲ್ಲವೆಂಬ ಈ ತತ್ತ್ವವನ್ನು ಆ ಬಳಿಕ ದೇಶದ ನ್ಯಾಯಾಲಯಗಳು ಮತ್ತೆ ಮತ್ತೆ ನೆನೆದಿವೆ.

ಈ ತೀರ್ಪಿನಲ್ಲಿ ನಮ್ಮ ಸಣ್ಣ ಪೇಟೆಗಳಿಗೆ ಒಂದು ಪಾಠವಿದೆ. ಎತ್ತರದ ವಿಷಯದಲ್ಲಿ ಗುಟ್ಟು ಸಲ್ಲದು. ಅಜಿಲನು ಪ್ರತಿಮೆಯನ್ನು ಮರಳಿನಲ್ಲಿ ಹೂಳಿಟ್ಟುದು ದಂಡಿನ ಭಯದಿಂದ. ಅದನ್ನು ಯಾರೂ ತಪ್ಪೆನ್ನಲಾರರು. ಆದರೆ ಪ್ರತಿಷ್ಠೆಯಾದಾಗ ಆತನು ಯಾರು ಮಾಡಿಸಿದರು, ಯಾರ ಮಾತಿನಂತೆ, ಯಾವ ದಿನ ಎಂಬುದನ್ನು ದಾರಿಹೋಕನೂ ಓದುವಂತೆ ಕಲ್ಲಿನಲ್ಲಿ ಬರೆಯಿಸಿದನು. ಇಂದು ದಂಡಿನ ಭಯವಿಲ್ಲ. ಹಾಗಿದ್ದೂ ಕಟ್ಟಡದ ನಕ್ಷೆಯು ಊರಿನವರ ಕಣ್ಣಿಗೆ ಬೀಳುವುದು ಕಂಬಗಳು ಎದ್ದ ಮೇಲೆ ಎಂದಾದರೆ, ಆಗ ಹುಟ್ಟುವ ಜಗಳಕ್ಕೆ ಎತ್ತರಕ್ಕಿಂತ ಗುಟ್ಟೇ ಹೆಚ್ಚು ಹೊಣೆಯಾಗುವುದು.

೧೯೬೧ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ಊರಿನ ಯೋಜನೆಯ ಕರಡನ್ನು ಪ್ರಕಟಿಸಿ ಜನರ ಅಭಿಪ್ರಾಯವನ್ನು ಕೇಳಬೇಕೆಂದು ವಿಧಿಸಿದೆ. ಪುರಾತನ ಸ್ಮಾರಕಗಳ ಕಾಯಿದೆಗೆ ೨೦೧೦ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸರ್ಕಾರದ ರಕ್ಷಣೆಗೆ ಒಳಪಟ್ಟ ಸ್ಮಾರಕದ ಸುತ್ತ ೧೦೦ ಮೀಟರು ನಿಷೇಧಿತ ಪ್ರದೇಶ; ಅದರಿಂದಾಚೆ ೨೦೦ ಮೀಟರು ನಿಯಂತ್ರಿತ ಪ್ರದೇಶ. ಆದರೆ ಆ ರಕ್ಷಣೆಯ ಪಟ್ಟಿಯಲ್ಲಿ ಸೇರದ ಎಷ್ಟೋ ಬಸದಿಗಳು, ಗುಡಿಗಳು, ದೈವಸ್ಥಾನಗಳು, ಹಳೆಯ ಮನೆಗಳು ನಮ್ಮ ಸೀಮೆಯಲ್ಲಿವೆ. ಅವುಗಳ ಮಗ್ಗುಲಿಗೆ ಈ ಕಾಯಿದೆಯು ಬರುವುದಿಲ್ಲ; ಅಲ್ಲಿ ಊರವರ ವಿವೇಕವೇ ಕಾವಲು.

ಆ ವಿವೇಕವು ಎರಡೂ ಪಕ್ಷಗಳಿಗೆ ಬೇಕು. ಅಡ್ಡಿ ಹೇಳುವವರು ಮೊದಲು ತಮ್ಮ ಮನಸ್ಸನ್ನು ತಾವೇ ಕೇಳಿಕೊಳ್ಳಲಿ: ನಮಗೆ ಬರುವುದು ಹಾನಿಯೋ, ಅಥವಾ ನಮ್ಮ ಮಾಡಿಗಿಂತ ಮೇಲೆ ಇನ್ನೊಬ್ಬನ ದೀಪ ಉರಿಯುವುದೆಂಬ ಸಂಕಟವೋ? ಎರಡನೆಯದಾದರೆ ಅದು ಭೈರರಸನ ತಕರಾರು. ಅದರ ಫಲವನ್ನು ಮೇಲೆ ಕಂಡಿದ್ದೇವೆ. ಬಾಡಿಗೆಯ ಮನೆಯೂ ದೊರೆಯದ ಶಿಕ್ಷಕರಿಗೂ ಗುಮಾಸ್ತರಿಗೂ ಪೇಟೆಯ ನಡುವೆ ಒಂದು ಸೂರು ದೊರೆಯುವುದಾದರೆ ಅದನ್ನು ಬರಿಯ ಎತ್ತರದ ದೆಸೆಯಿಂದ ಬೇಡವೆನ್ನುವುದು ಧರ್ಮವಲ್ಲ. ಕಟ್ಟುವವರಾದರೋ ನೀರಿನ ಲೆಕ್ಕ, ಕೊಳಚೆಯ ದಾರಿ, ಓಣಿಯ ಅಗಲ, ಬೆಂಕಿಯ ಎಚ್ಚರಿಕೆ, ನೆರೆಮನೆಯ ಬಿಸಿಲು ಇವುಗಳಿಗೆ ಅಂಕಿಗಳಲ್ಲಿ ಉತ್ತರವನ್ನು ಕೊಡಲಿ. ಪ್ರಗತಿಯ ವಿರೋಧಿಗಳೆಂದು ಕೇಳಿದವರ ಬಾಯಿ ಮುಚ್ಚಿಸುವುದು ಉತ್ತರವಾಗದು. ಬಾವಿಯ ನೀರು ಇಳಿಯುವುದೆಂದು ಹೇಳುವ ಪಕ್ಕದ ಮನೆಯ ಹೆಂಗಸಿನ ಮಾತು, ಕಾರ್ಕಳದ ದೊರೆಯ ಮಾತಿಗಿಂತ ಎಷ್ಟೋ ತೂಕದ್ದು.

ಪುರಸಭೆಗಳೂ ಪಟ್ಟಣ ಪಂಚಾಯತುಗಳೂ ಇಂಥ ಕಟ್ಟಡದ ನಕ್ಷೆಯನ್ನು, ಅದು ಕುಡಿಯುವ ನೀರಿನ ಮತ್ತು ಹೊರಬಿಡುವ ಕೊಳಚೆಯ ಲೆಕ್ಕದೊಡನೆ, ಸರಳವಾದ ಕನ್ನಡದಲ್ಲಿ ಬರೆಯಿಸಿ ಆ ಜಾಗದಲ್ಲಿಯೇ ನಿಲ್ಲಿಸಿ, ಊರವರ ಮಾತನ್ನು ಕೇಳಿದ ಮೇಲೆಯೇ ಅಪ್ಪಣೆ ಕೊಡುವ ಪದ್ಧತಿಯನ್ನು ಹಾಕಿಕೊಂಡರೆ ಅರ್ಧ ಜಗಳ ಅಲ್ಲಿಯೇ ತೀರುವುದು. ಉಳಿದರ್ಧವು ನಿಜವಾದ ಹಾನಿಯದಾದುದರಿಂದ ಅದನ್ನು ಎಷ್ಟು ಹೊತ್ತು ಬೇಕಾದರೂ ಕುಳಿತು ವಿಚಾರಿಸಬಹುದು.